ಮಳೆ ಸುರಿದಾಗ ಮಾತ್ರ ಬೀಳುವ ಲಿನಕ್ಸ್ ಕರ್ನಲ್: ಹಾಸನದ ಮೇಜಿನ ಮೇಲೆ ಇದನ್ನು ಬೀಳಿಸುವುದು ಹೇಗೆ?

ಪ್ರಶ್ನೆ: ಮಳೆಲೆಕ್ಕ, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದ ಬಿ.ಎಂ. ರಸ್ತೆಯಲ್ಲಿ ಒಂದು ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಾವು ಮೂವರು ಸೇರಿ, ಕಾಫಿ ತೋಟಗಳಿಗೆ ಮಳೆಯನ್ನೂ ಮಣ್ಣಿನ ತೇವವನ್ನೂ ದಾಖಲಿಸುವ ಪೆಟ್ಟಿಗೆಗಳನ್ನು ಮಾಡಿಕೊಡುತ್ತೇವೆ. ಮೂಡಿಗೆರೆ ಮತ್ತು ಆಲ್ದೂರು ಕಡೆಯ ತೋಟಗಳಲ್ಲಿ ಇಂಥ ಹದಿನಾಲ್ಕು ಪೆಟ್ಟಿಗೆಗಳಿವೆ. ಪ್ರತಿಯೊಂದರಲ್ಲೂ ನಾಲ್ಕು ಕಾರ್ಟೆಕ್ಸ್-ಎ53 ಕೋರ್‌ಗಳ ಒಂದು ಬೋರ್ಡ್, ಅದರ ಮೇಲೆ 5.15 ಸರಣಿಯ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು), 0.2 ಮಿಲಿಮೀಟರ್ ಮಳೆ ತುಂಬಿದ ಕೂಡಲೇ ವಾಲಿ ಖಾಲಿಯಾಗುವ ಜೋಡಿ ಬಟ್ಟಲು, ಮತ್ತು ತೋಟದ ಆಫೀಸಿನಲ್ಲಿರುವ ಗೇಟ್‌ವೇಗೆ ಮಾಹಿತಿ ಕಳಿಸಲು ಎಸ್‌ಪಿಐ (ಚಿಪ್‌ಗಳ ನಡುವಿನ ಸೀರಿಯಲ್ ಸಂಪರ್ಕ) ಮೂಲಕ ಜೋಡಿಸಿದ ಒಂದು ರೇಡಿಯೊ ಮಾಡ್ಯೂಲ್ ಇವೆ. ರೇಡಿಯೊದ ಡ್ರೈವರ್ ಮುಖ್ಯ ಕರ್ನಲ್‌ನಲ್ಲಿಲ್ಲ. ಮಾಡ್ಯೂಲ್ ಮಾರಿದವರು ಕೊಟ್ಟ ಸೋರ್ಸನ್ನೇ ನಾವು ಕಂಪೈಲ್ ಮಾಡಿ ಬಳಸುತ್ತಿದ್ದೇವೆ.

ಜೂನ್ ಎರಡನೇ ವಾರದಿಂದ ಈ ಪೆಟ್ಟಿಗೆಗಳು ಇದ್ದಕ್ಕಿದ್ದಂತೆ ಸ್ತಬ್ಧವಾಗುತ್ತಿವೆ, ವಾಚ್‌ಡಾಗ್ (ಯಂತ್ರ ಸ್ತಬ್ಧವಾದರೆ ರೀಸೆಟ್ ಮಾಡುವ ಟೈಮರ್) ಅವನ್ನು ಮರುಚಾಲನೆ ಮಾಡುತ್ತಿದೆ. ಹದಿನಾಲ್ಕನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ ಸರಾಸರಿ 60 ಗಂಟೆಗೊಮ್ಮೆ ಯಾವುದಾದರೂ ಒಂದು ಬೀಳುತ್ತದೆ. ಯಾವುದು ಬೀಳುತ್ತದೆ, ಯಾವಾಗ ಬೀಳುತ್ತದೆ ಎಂಬುದಕ್ಕೆ ನಮಗೆ ಯಾವ ಕ್ರಮವೂ ಕಂಡಿಲ್ಲ. ಅದೇ ಹಾಸನದಲ್ಲಿ ನಮ್ಮ ಮೇಜಿನ ಮೇಲಿರುವ ಎರಡು ಪೆಟ್ಟಿಗೆಗಳು, ಅದೇ ಬೋರ್ಡ್ ಮತ್ತು ಅದೇ ಕರ್ನಲ್ ಇದ್ದರೂ, 47 ದಿನಗಳಿಂದ ಒಮ್ಮೆಯೂ ನಿಂತಿಲ್ಲ.

ಮೊದಲು ನಾವು ನೀರನ್ನೇ ಅನುಮಾನಿಸಿದೆವು. ಪೆಟ್ಟಿಗೆಗಳ ರಬ್ಬರ್ ಅಂಚುಗಳನ್ನು ಬದಲಿಸಿ ಒಳಗೆ ಸಿಲಿಕಾ ಜೆಲ್ ಇಟ್ಟೆವು. ಮೋಡದ ದಿನಗಳಲ್ಲಿ ಸೌರಫಲಕ ಸಾಲದೆ ವೋಲ್ಟೇಜ್ ಕುಸಿಯುತ್ತಿರಬಹುದೆಂದು ಎರಡು ಪೆಟ್ಟಿಗೆಗಳ ಬ್ಯಾಟರಿಯನ್ನು ದುಪ್ಪಟ್ಟು ಮಾಡಿದೆವು. ಬಿದ್ದ ಒಂದು ಬೋರ್ಡನ್ನು ಹಾಸನಕ್ಕೆ ತಂದು 72 ಗಂಟೆ ಮೆಮೊರಿ ಪರೀಕ್ಷೆ ಓಡಿಸಿದಾಗ ಒಂದು ಬಿಟ್ ಕೂಡ ತಪ್ಪಲಿಲ್ಲ. ಆಮೇಲೆ ಡ್ರೈವರ್‌ನಲ್ಲಿ ಅಲ್ಲಲ್ಲಿ ಪ್ರಿಂಟ್‌ಕೆ (ಕರ್ನಲ್ ಲಾಗಿಗೆ ಸಂದೇಶ ಬರೆಯುವ) ಸಾಲುಗಳನ್ನು ಸೇರಿಸಿ ಮೂರು ಪೆಟ್ಟಿಗೆಗಳಿಗೆ ಹಾಕಿದೆವು: 18 ದಿನ ಆ ಮೂರೂ ಬೀಳಲಿಲ್ಲ. ಪ್ರಿಂಟ್‌ಕೆ ತೆಗೆದು, ಲಾಕ್‌ಡೆಪ್ (ಲಾಕ್ ಬಳಕೆಯ ತಪ್ಪು ಹಿಡಿಯುವ ಸಾಧನ) ಸೇರಿಸಿದ ಕರ್ನಲ್ಲನ್ನು ಅದೇ ಮೂರಕ್ಕೆ ಹಾಕಿದೆವು: ಇಪ್ಪತ್ತೊಂದು ದಿನ ಬೀಳಲಿಲ್ಲ, ಲಾಕ್‌ಡೆಪ್ ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ. ಕಾಸಾನ್ (ಮೆಮೊರಿಯ ತಪ್ಪು ಬಳಕೆ ಹಿಡಿಯುವ ಸಾಧನ) ಇರುವ ಕರ್ನಲ್ ಹಾಕಿದ ಒಂದು ಪೆಟ್ಟಿಗೆ ಬಿದ್ದಿತಾದರೂ ಕಾಸಾನ್ ಏನನ್ನೂ ಹೇಳಲಿಲ್ಲ.

ಮೇ ಕೊನೆಯವರೆಗೆ ನಾವು 5.10 ಬಳಸುತ್ತಿದ್ದೆವು, ಆಗ ಈ ತೊಂದರೆ ಇರಲಿಲ್ಲ. ಆದ್ದರಿಂದ 5.10 ಮತ್ತು 5.15ರ ನಡುವೆ ಗಿಟ್ ಬೈಸೆಕ್ಟ್ (ಕೋಡಿನ ಬದಲಾವಣೆಗಳನ್ನು, ಅಂದರೆ ಕಮಿಟ್‌ಗಳನ್ನು, ಅರ್ಧರ್ಧ ಮಾಡುತ್ತ ತಪ್ಪಿನದನ್ನು ಹುಡುಕುವುದು) ಮಾಡುವುದೇ ದಾರಿ ಎಂದು ನನ್ನ ಜೊತೆಗಾರರ ಅಭಿಪ್ರಾಯ. ಅದಕ್ಕೆ ಕೈಹಾಕುವ ಮುನ್ನ ಅನುಭವವಿದ್ದವರ ಮಾತು ಕೇಳೋಣ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಉತ್ತರ 1: ಕಡೂರು ಕನ್ಸೋಲ್

ನೀವು ಮಾಡಿರುವ ಪ್ರಯತ್ನಗಳ ಪಟ್ಟಿಯಲ್ಲಿ ಒಂದು ದೊಡ್ಡ ಕೊರತೆ ಕಾಣುತ್ತಿದೆ. ಕರ್ನಲ್ ಬಿದ್ದ ಗಳಿಗೆಯಲ್ಲಿ ಅದು ಏನು ಹೇಳಿತು ಎಂಬುದು ನಿಮ್ಮ ಹತ್ತಿರ ಒಂದು ಸಲದ್ದೂ ಇಲ್ಲ. ಕಾಸಾನ್ ಏನೂ ಹೇಳಲಿಲ್ಲ ಎನ್ನುತ್ತೀರಿ. ಸಿಲ್ವರ್ ಓಕ್ ಮರಕ್ಕೆ ಕಟ್ಟಿದ ಪೆಟ್ಟಿಗೆಯೊಳಗೆ ಅದು ಹೇಳಿದ್ದನ್ನು ಕೇಳಿಸಿಕೊಳ್ಳಲು ಯಾರಿದ್ದರು? ಕರ್ನಲ್ ಕುಸಿದಾಗ ಬರೆಯುವ ಕೊನೆಯ ಸಾಲುಗಳು ರ‍್ಯಾಮ್‌ನಲ್ಲಿರುವ ಲಾಗ್ ಬಫರ್‌ನಲ್ಲಿರುತ್ತವೆ, ಡಿಸ್ಕಿಗೆ ಹೋಗುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ, ಮತ್ತು ವಾಚ್‌ಡಾಗ್ ಬಂದು ಹೊಸ ಕರ್ನಲ್ಲನ್ನು ಎಬ್ಬಿಸಿದಾಗ ಆ ಬಫರ್ ಅಳಿಸಿಹೋಗುತ್ತದೆ. ನೆಟ್‌ಕನ್ಸೋಲ್ (ಲಾಗನ್ನು ನೆಟ್‌ವರ್ಕ್ ಮೂಲಕ ಕಳಿಸುವುದು) ನಿಮಗೆ ಸಹಾಯಕ್ಕೆ ಬಾರದು, ಏಕೆಂದರೆ ಅಲ್ಲಿ ಈಥರ್ನೆಟ್ ಇಲ್ಲ. ಸೀರಿಯಲ್ ತಂತಿ ಹಿಡಿದು ಮಳೆಯಲ್ಲಿ ಕೂರಲು ಯಾರಿಗೂ ಸಾಧ್ಯವಿಲ್ಲ.

ನಿಮಗೆ ಬೇಕಾದದ್ದು ರ‍್ಯಾಮೂಪ್ಸ್. ರ‍್ಯಾಮ್‌ನ ಒಂದು ಸಣ್ಣ ಭಾಗವನ್ನು, ಒಂದು ಮೆಗಾಬೈಟ್ ಧಾರಾಳ ಸಾಕು, ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನ ಯಂತ್ರಾಂಶದ ವಿವರಣಾ ಕಡತ) ಕಾಯ್ದಿರಿಸಿದರೆ ಕರ್ನಲ್ ತನ್ನ ಕೊನೆಯ ಮಾತುಗಳನ್ನು ಅಲ್ಲಿ ಬರೆದು ಹೋಗುತ್ತದೆ. ವಿದ್ಯುತ್ ಕಡಿಯದೆ ಮರುಚಾಲನೆಯಾದರೆ ರ‍್ಯಾಮ್‌ನ ಆ ಭಾಗ ಹಾಗೆಯೇ ಉಳಿದಿರುತ್ತದೆ, ಮುಂದಿನ ಕರ್ನಲ್ ಅದನ್ನು ಪಿಸ್ಟೋರ್ ಎಂಬ ಕಡತ ವ್ಯವಸ್ಥೆಯಲ್ಲಿ ಫೈಲ್ ಆಗಿ ತೋರಿಸುತ್ತದೆ. ನಿಮ್ಮ ಬೂಟ್‌ಲೋಡರ್ ಆ ವಿಳಾಸಗಳ ಮೇಲೆ ಏನನ್ನೂ ಬರೆಯುವುದಿಲ್ಲ ಎಂಬುದನ್ನು ಮಾತ್ರ ಮೊದಲೇ ಖಚಿತಪಡಿಸಿಕೊಳ್ಳಿ. ಮೇಜಿನ ಮೇಲೆ ಬೇಕೆಂದೇ ಒಮ್ಮೆ ಪ್ಯಾನಿಕ್ ಮಾಡಿಸಿ ನೋಡಿದರೆ ತಿಳಿಯುತ್ತದೆ. ನಾನು ಒಮ್ಮೆ ಈ ಪರೀಕ್ಷೆ ಮಾಡದೆ ಬೋರ್ಡ್‌ಗಳನ್ನು ಕಳಿಸಿ, ಎರಡು ತಿಂಗಳ ನಂತರ ಬರೀ ಸೊನ್ನೆಗಳನ್ನು ಓದಿಕೊಂಡು ಕೂತಿದ್ದೆ.

ಪ್ರಿಂಟ್‌ಕೆ ವಿಷಯಕ್ಕೆ ಒಂದು ಮಾತು. ಸೀರಿಯಲ್ ಕನ್ಸೋಲ್ 115200 ವೇಗದಲ್ಲಿದ್ದರೆ ಸೆಕೆಂಡಿಗೆ ಹೋಗುವುದು 11,520 ಅಕ್ಷರ ಮಾತ್ರ. ಎಂಬತ್ತು ಅಕ್ಷರಗಳ ಒಂದು ಸಾಲಿಗೆ ಸುಮಾರು ಏಳು ಮಿಲಿಸೆಕೆಂಡ್ ಬೇಕು. ಎರಡು ಕೋರ್‌ಗಳ ನಡುವಿನ ಪೈಪೋಟಿ ಮೈಕ್ರೊಸೆಕೆಂಡ್‌ಗಳ ಲೆಕ್ಕದಲ್ಲಿ ನಡೆಯುವಾಗ ಅದರ ಮಧ್ಯೆ ಏಳು ಮಿಲಿಸೆಕೆಂಡ್ ತೂರಿಸಿದರೆ, ನೀವು ನೋಡುತ್ತಿರುವುದು ಬೇರೆಯೇ ಪ್ರೋಗ್ರಾಮ್ ಆಗಿಬಿಡುತ್ತದೆ. ದಾಖಲಿಸಲೇಬೇಕೆಂದರೆ ಎಫ್‌ಟ್ರೇಸ್ ಬಳಸಿ, ಅದು ಪ್ರತಿ ಕೋರ್‌ನ ಬಫರಿಗೆ ಬರೆದು ಸುಮ್ಮನಾಗುತ್ತದೆ.

ಉತ್ತರ 2: ಮಲೆನಾಡ ಗಣಿತ, ಚಿಕ್ಕಮಗಳೂರು

ರ‍್ಯಾಮೂಪ್ಸ್ ಸಲಹೆಯನ್ನು ನಾನೂ ಒಪ್ಪುತ್ತೇನೆ. ನನ್ನ ತಕರಾರು ನಿಮ್ಮ ‘ಬೀಳಲಿಲ್ಲ’ ಎಂಬ ಮಾತಿನ ಮೇಲೆ.

ಹದಿನಾಲ್ಕು ಪೆಟ್ಟಿಗೆಗಳಲ್ಲಿ 60 ಗಂಟೆಗೊಂದು ಎಂದರೆ ಒಂದು ಪೆಟ್ಟಿಗೆಯ ಪಾಲಿಗೆ 840 ಗಂಟೆಗೊಂದು, ಅಂದರೆ 35 ದಿನಕ್ಕೊಂದು. ಮೂರು ಪೆಟ್ಟಿಗೆಗಳನ್ನು 18 ದಿನ ನೋಡಿದರೆ ಒಟ್ಟು 54 ಪೆಟ್ಟಿಗೆ-ದಿನಗಳಾದವು. ಆ ಅವಧಿಯಲ್ಲಿ ನಿರೀಕ್ಷಿಸಬೇಕಾದ ಬೀಳುವಿಕೆಯೇ ಒಂದೂವರೆ. ಬೀಳುವಿಕೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆ ಎಂದಿಟ್ಟುಕೊಂಡರೆ, ಪ್ರಿಂಟ್‌ಕೆ ಯಾವ ಪರಿಣಾಮ ಬೀರದಿದ್ದರೂ ಒಂದೂ ಬೀಳದೇ ಇರುವ ಸಾಧ್ಯತೆ ನೂರಕ್ಕೆ 21. ಲಾಕ್‌ಡೆಪ್‌ನ ಇಪ್ಪತ್ತೊಂದು ದಿನಗಳಿಗೆ ಇದೇ ಲೆಕ್ಕ ಹಾಕಿದರೆ ಸುಮಾರು ನೂರಕ್ಕೆ 17. ನಿಮ್ಮ ಹಾಸನದ ಎರಡು ಪೆಟ್ಟಿಗೆಗಳ 47 ದಿನವನ್ನೂ ಸೇರಿಸಿ ನೋಡಿದರೆ, ಅಲ್ಲಿಯೂ ನೂರಕ್ಕೆ 7ರಷ್ಟು ಸಾಧ್ಯತೆ ಬರೀ ಅದೃಷ್ಟಕ್ಕಿದೆ. ಗಮನಿಸಲು ಹೋದರೆ ಮರೆಯಾಗುವ ಬಗ್‌ಗಳಿಗೆ ಹೈಸನ್‌ಬಗ್ ಎಂಬ ಹೆಸರಿದೆ, ಜಿಮ್ ಗ್ರೇ 1985ರ ತಮ್ಮ ವರದಿಯೊಂದರಲ್ಲಿ ಆ ಪದವನ್ನು ಬಳಸಿದ ಮೇಲೆ ಅದು ಎಲ್ಲರ ಬಾಯಿಗೆ ಬಂತು. ಆದರೆ ನಿಮ್ಮ ಬಗ್ ಆ ಜಾತಿಯದು ಎನ್ನಲು ನಿಮ್ಮ ಬಳಿ ಇನ್ನೂ ಪುರಾವೆಯಿಲ್ಲ. ಕಾಯ್ದದ್ದು ಕಡಿಮೆಯಾಗಿರಬಹುದು, ಅಷ್ಟೆ.

ಇದೇ ಕಾರಣಕ್ಕೆ ಬೈಸೆಕ್ಟ್ ಬೇಡ. 5.10ರಿಂದ 5.15ರವರೆಗಿನ ಐದು ಬಿಡುಗಡೆಗಳಲ್ಲಿ ಎಪ್ಪತ್ತು ಸಾವಿರದ ಆಸುಪಾಸಿನ ಕಮಿಟ್‌ಗಳಿರುತ್ತವೆ, ಅರ್ಧರ್ಧ ಮಾಡುತ್ತ ಹೋದರೆ ಹದಿನಾರು ಹೆಜ್ಜೆ. ‘ಈ ಕರ್ನಲ್ ಕೆಟ್ಟದ್ದು’ ಎನ್ನಲು ಒಂದು ಬೀಳುವಿಕೆ ಸಾಕು, ‘ಇದು ಒಳ್ಳೆಯದು’ ಎನ್ನಲು ಮಾತ್ರ ಸರಾಸರಿ ಅಂತರದ ಮೂರು ಪಟ್ಟು ಕಾಯಬೇಕು. ಆಗ ತಪ್ಪು ತೀರ್ಮಾನದ ಸಾಧ್ಯತೆ ನೂರಕ್ಕೆ ಐದಕ್ಕೆ ಇಳಿಯುತ್ತದೆ. ಹದಿನಾಲ್ಕು ಪೆಟ್ಟಿಗೆಗಳನ್ನೂ ಬಳಸಿದರೂ ಒಂದು ಹೆಜ್ಜೆಗೆ 180 ಗಂಟೆ, ಅಂದರೆ ಏಳೂವರೆ ದಿನ. ಹದಿನಾರು ಹೆಜ್ಜೆಗೆ ನಾಲ್ಕು ತಿಂಗಳಾಗಬಹುದು. ಅಷ್ಟರಲ್ಲಿ ಅರೇಬಿಕಾ ಕೊಯ್ಲು ನಡೆಯುತ್ತಿರುತ್ತದೆ. ಜೊತೆಗೆ ಹದಿನಾರು ತೀರ್ಮಾನಗಳಲ್ಲಿ ಒಂದು ತಪ್ಪಿದರೂ ಕೊನೆಯಲ್ಲಿ ಸಿಗುವುದು ಯಾರೋ ಪಾಪದವರ ಕಮಿಟ್.

ಇನ್ನೊಂದು ವಿಷಯ. ಮೇ ತನಕ 5.10 ಇತ್ತು, ಜೂನ್‌ನಲ್ಲಿ 5.15 ಬಂತು ಎನ್ನುತ್ತೀರಿ. ಅದೇ ಹೊತ್ತಿಗೆ ಮೂಡಿಗೆರೆಗೆ ಮುಂಗಾರೂ ಬಂತಲ್ಲವೇ? ಬದಲಾದದ್ದು ಎರಡು, ನೀವು ಹಿಡಿದುಕೊಂಡದ್ದು ಒಂದನ್ನು. ತೋಟದ ರೈಟರ (ಗುಮಾಸ್ತರ) ಬಳಿ ಮಳೆಯ ಪುಸ್ತಕ ಇದ್ದೇ ಇರುತ್ತದೆ. ದಿನಾ ಬೆಳಗ್ಗೆ ಇಂಚು-ಸೆಂಟಿನಲ್ಲಿ (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಟ್ಟಿರುತ್ತಾರೆ. ಪೆಟ್ಟಿಗೆ ಬಿದ್ದ ದಿನಾಂಕಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿ.

ಮಳೆಲೆಕ್ಕ, ಹಾಸನ (ಹನ್ನೆರಡು ದಿನಗಳ ನಂತರ)

ಇಬ್ಬರಿಗೂ ಕೃತಜ್ಞತೆಗಳು. ಬೈಸೆಕ್ಟ್ ಕೈಬಿಟ್ಟೆವು. ರ‍್ಯಾಮೂಪ್ಸ್ ಹಾಕಿದ ಕರ್ನಲ್ಲನ್ನು ಎಲ್ಲ ಹದಿನಾಲ್ಕಕ್ಕೂ ಏರಿಸಿದ ಒಂಬತ್ತು ದಿನಗಳಲ್ಲಿ ಮೂರು ದಾಖಲೆಗಳು ಸಿಕ್ಕಿವೆ, ಮತ್ತು ಮೂರೂ ಒಂದನ್ನೊಂದು ಹೋಲುತ್ತವೆ. ಮೂರರಲ್ಲೂ ಕರ್ನಲ್ ತಲುಪಲಾಗದ ವಿಳಾಸಕ್ಕೆ ಬರೆಯಲು ಹೋಗಿ ಬಿದ್ದಿದೆ. ಆ ವಿಳಾಸ ಡಿ-ಇ-ಎ-ಡಿ ಎಂಬ ನಾಲ್ಕು ಹೆಕ್ಸ್ ಅಂಕಿಗಳಿಂದ ಆರಂಭವಾಗಿ, ಸೊನ್ನೆಗಳ ನಂತರ 108ರಲ್ಲಿ ಮುಗಿಯುತ್ತದೆ. ಅದು ಬಳಕೆದಾರರ ವಿಳಾಸಗಳಿಗೂ ಕರ್ನಲ್ ವಿಳಾಸಗಳಿಗೂ ನಡುವಿನದು ಎಂದು ಕರ್ನಲ್ಲೇ ಬರೆದಿದೆ. ಬಿದ್ದ ಜಾಗ ರೇಡಿಯೊ ಡ್ರೈವರ್‌ನಲ್ಲಿ, ಗೇಟ್‌ವೇಯಿಂದ ಸ್ವೀಕೃತಿ ಬಂದ ಮೇಲೆ ಕಳಿಸಿಯಾದ ಓದಿಕೆಯನ್ನು ಸರತಿಯಿಂದ ತೆಗೆಯುವ ಫಂಕ್ಷನ್.

ಮಳೆ ಪುಸ್ತಕದ ಫಲ ನಾವು ಎಣಿಸಿದ್ದಕ್ಕಿಂತ ಹೆಚ್ಚಾಗಿತ್ತು. ಆ ಮೂರು ದಿನಗಳ ಮಳೆ 2 ಇಂಚು 40 ಸೆಂಟ್, 3 ಇಂಚು 15 ಸೆಂಟ್ ಮತ್ತು 2 ಇಂಚು 85 ಸೆಂಟ್. ಒಂದು ಇಂಚಿನೊಳಗಿನ ದಿನಗಳಲ್ಲಿ, ಜೂನ್‌ನಿಂದ ಇಂದಿನವರೆಗೆ, ಒಂದು ಪೆಟ್ಟಿಗೆಯೂ ಬಿದ್ದಿಲ್ಲ. ರೈಟರು ಅದೇ ಪುಸ್ತಕದ ಅಂಚಿನಲ್ಲಿ ಕರೆಂಟ್ ಹೋದ ಮತ್ತು ಬಂದ ಹೊತ್ತನ್ನೂ ಜನರೇಟರ್ ಡೀಸೆಲ್ ಲೆಕ್ಕಕ್ಕಾಗಿ ಬರೆದಿಡುತ್ತಾರೆ. ಮೂರು ಸಲವೂ ಪೆಟ್ಟಿಗೆ ಬಿದ್ದದ್ದು ಕರೆಂಟ್ ಇಲ್ಲದಾಗ ಅಲ್ಲ, ಬಂದ ನಂತರದ ಮುಕ್ಕಾಲು ಗಂಟೆಯೊಳಗೆ. ಪೆಟ್ಟಿಗೆಗೆ ಸ್ವಂತ ಬ್ಯಾಟರಿ ಇದೆ. ಕರೆಂಟಿಗೂ ಅದಕ್ಕೂ ಇರುವ ಏಕೈಕ ನಂಟು ಆಫೀಸಿನ ಗೇಟ್‌ವೇ ಮಾತ್ರ.

ಉತ್ತರ 3: ಹಳೇಬೀಡಿನ ಹೆಕ್ಸ್

ಆ 108ಕ್ಕೆ ಅರ್ಥವಿದೆ. ಕರ್ನಲ್‌ನ ಜೋಡಿಕೊಂಡಿ ಪಟ್ಟಿಯಿಂದ (ಪ್ರತಿ ನಮೂದೂ ಹಿಂದಿನದರ ಮತ್ತು ಮುಂದಿನದರ ವಿಳಾಸ ಇಟ್ಟುಕೊಂಡಿರುವ ಪಟ್ಟಿ) ಒಂದು ನಮೂದನ್ನು ತೆಗೆದಾಗ ಅದರ ‘ಮುಂದಿನದು’ ಪಾಯಿಂಟರಿಗೆ 100ರಲ್ಲಿ ಮುಗಿಯುವ ವಿಷದ ಬೆಲೆಯನ್ನೂ (ಬಳಸಿದರೆ ಬೀಳಲೆಂದೇ ಇಟ್ಟ ಅಮಾನ್ಯ ವಿಳಾಸ) ‘ಹಿಂದಿನದು’ ಪಾಯಿಂಟರಿಗೆ 122ರಲ್ಲಿ ಮುಗಿಯುವ ಬೆಲೆಯನ್ನೂ ತುಂಬುತ್ತಾರೆ. ಅದೇ ನಮೂದನ್ನು ಯಾರಾದರೂ ಎರಡನೇ ಸಲ ತೆಗೆಯಲು ಹೋದರೆ, ಮುಂದಿನ ನಮೂದಿನ ‘ಹಿಂದಿನದು’ ಎಂಬಲ್ಲಿಗೆ ಬರೆಯುವುದೇ ಮೊದಲ ಕೆಲಸ. ಅದು ಎಂಟು ಬೈಟ್ ಆಚೆ ಇರುತ್ತದೆ. 100ಕ್ಕೆ 8 ಸೇರಿ 108. ಅಂದರೆ ನಿಮ್ಮ ಡ್ರೈವರ್ ಒಂದೇ ಓದಿಕೆಯನ್ನು ಸರತಿಯಿಂದ ಎರಡು ಬಾರಿ ತೆಗೆಯುತ್ತಿದೆ, ಅಂದರೆ ಒಂದೇ ಸ್ವೀಕೃತಿ ಎರಡು ಸಲ ಬಂತೆಂದು ನಂಬುತ್ತಿದೆ. ಸರತಿಯ ನಮೂದುಗಳು ಡ್ರೈವರ್‌ನದೇ ಸ್ಥಿರ ಕೋಷ್ಟಕದಲ್ಲಿದ್ದರೆ ಅಲ್ಲಿ ಬಿಡುಗಡೆಯಾದ ಮೆಮೊರಿ ಎಂಬುದೇ ಇರುವುದಿಲ್ಲ, ಆದ್ದರಿಂದ ದಾಖಲೆ ಸಿಕ್ಕಿದ್ದರೂ ಕಾಸಾನ್‌ನಿಂದ ಹೆಚ್ಚಿನದೇನೂ ತಿಳಿಯುತ್ತಿರಲಿಲ್ಲ.

ಈಗ ಕರೆಂಟಿನ ವಿಷಯ. ಗೇಟ್‌ವೇ ಇಲ್ಲದ ಹೊತ್ತಿನಲ್ಲಿ ಓದಿಕೆಗಳು ಸರತಿಯಲ್ಲಿ ಶೇಖರವಾಗುತ್ತವೆ, ಅದು ಮರಳಿದ ಕೂಡಲೇ ಡ್ರೈವರ್ ಹಲವನ್ನು ಒಂದೇ ಉದ್ದ ಫ್ರೇಮಿನಲ್ಲಿ ತುಂಬಿ ಕಳಿಸುತ್ತದೆ ಎಂದು ಊಹಿಸುತ್ತೇನೆ. ಅನೇಕ ಎಸ್‌ಪಿಐ ಕಂಟ್ರೋಲರ್ ಡ್ರೈವರ್‌ಗಳು ಫಿಫೊದಲ್ಲಿ (ಕಂಟ್ರೋಲರ್ ಒಳಗಿನ ಚಿಕ್ಕ ಬಫರ್) ಹಿಡಿಸುವಷ್ಟು ಚಿಕ್ಕ ವರ್ಗಾವಣೆಯನ್ನು ಸಿಪಿಯುವಿನಿಂದಲೇ ಮಾಡಿಸುತ್ತವೆ, ಅದಕ್ಕಿಂತ ಉದ್ದವಾದರೆ ಮಾತ್ರ ಡಿಎಂಎಗೆ (ಸಿಪಿಯುವಿನ ನೆರವಿಲ್ಲದೆ ಮೆಮೊರಿಗೆ ಬರೆಯುವ ಯಂತ್ರಾಂಶ) ಒಪ್ಪಿಸುತ್ತವೆ. ನಿಮ್ಮ ಮೇಜಿನ ಮೇಲೆ ಗೇಟ್‌ವೇ ಎಂದೂ ಆರುವುದಿಲ್ಲ, ಹಾಗಾಗಿ ಉದ್ದ ಫ್ರೇಮೂ ಇಲ್ಲ, ಡಿಎಂಎಯೂ ಇಲ್ಲ. ಹಾಸನದಲ್ಲಿ 47 ದಿನ ಓಡಿದ ಕೋಡ್ ಮತ್ತು ಮೂಡಿಗೆರೆಯಲ್ಲಿ ಬೀಳುತ್ತಿರುವ ಕೋಡ್ ಒಂದೇ ಫೈಲ್‌ನಲ್ಲಿದ್ದರೂ ಅವು ಹಿಡಿಯುವ ದಾರಿ ಬೇರೆ ಬೇರೆ.

ಆದರೆ ಉದ್ದ ಫ್ರೇಮಿನಿಂದಷ್ಟೇ ಬೀಳುವುದಾದರೆ ಮಳೆ ಕಡಿಮೆಯಿದ್ದು ಕರೆಂಟ್ ಹೋದ ದಿನವೂ ಬೀಳಬೇಕಿತ್ತು. ಆದ್ದರಿಂದ ಜೋರು ಮಳೆಗೆ ಬೇರೆಯೇ ಪಾತ್ರವಿದೆ. ಬಟ್ಟಲು ವಾಲಿದಾಗ ಬರುವ ಇಂಟರಪ್ಟ್ (ಸಿಪಿಯುವಿನ ಗಮನ ಸೆಳೆಯುವ ಸಂಕೇತ) ಏನನ್ನು ಮುಟ್ಟುತ್ತದೆ? ಅದು ರೇಡಿಯೊ ಡ್ರೈವರ್‌ನ ಸರತಿಗೇ ನೇರವಾಗಿ ನಮೂದು ಸೇರಿಸುತ್ತಿದ್ದರೆ ನನ್ನ ಅನುಮಾನ ಗಟ್ಟಿಯಾಗುತ್ತದೆ. ಗಂಟೆಗೆ 60 ಮಿಲಿಮೀಟರ್ ಸುರಿಯುವಾಗ ಬಟ್ಟಲು 300 ಸಲ, ಅಂದರೆ 12 ಸೆಕೆಂಡಿಗೊಮ್ಮೆ ವಾಲುತ್ತದೆ. 200 ಬೈಟಿನ ಫ್ರೇಮ್ 4 ಮೆಗಾಹರ್ಟ್ಸ್ ಎಸ್‌ಪಿಐನಲ್ಲಿ 0.4 ಮಿಲಿಸೆಕೆಂಡ್ ಹಿಡಿಯುತ್ತದೆ. ಒಂದು ಫ್ರೇಮ್ ಸಾಗುತ್ತಿರುವಾಗಲೇ ಬಟ್ಟಲು ವಾಲುವ ಸಾಧ್ಯತೆ 30,000ದಲ್ಲಿ ಒಂದು. ಇಷ್ಟು ಅಪರೂಪದ ಎರಡು ಸಂಗತಿಗಳು ಕೂಡುವುದನ್ನು ನೀವು ಕಾಯುತ್ತ ಕೂತಿದ್ದೀರಿ.

ಕಾಯುವುದನ್ನು ಬಿಟ್ಟು, ಅವೆರಡನ್ನೂ ಮೇಜಿನ ಮೇಲೆ ತಂದಿಡಿ. ಗೇಟ್‌ವೇಯನ್ನು ಒಂದು ಗಂಟೆ ಆರಿಸಿ ಸರತಿ ತುಂಬಿಸಿ. ಎಸ್‌ಪಿಐ ವೇಗವನ್ನು 100 ಕಿಲೋಹರ್ಟ್ಸ್‌ಗೆ ಇಳಿಸಿದರೆ ಅದೇ ಫ್ರೇಮ್ 16 ಮಿಲಿಸೆಕೆಂಡ್ ಹಿಡಿಯುತ್ತದೆ. ಬಟ್ಟಲಿನ ತಂತಿಯನ್ನು ಕಿತ್ತು, ಅಲ್ಲಿಗೆ ಒಂದು ಆರ್ಡುಯಿನೊದಿಂದ ಸೆಕೆಂಡಿಗೆ ಇಪ್ಪತ್ತು ಪಲ್ಸ್ ಕೊಡಿ. ಕರ್ನಲ್ ಬರೆಯುವವರೇ ಈ ಉಪಾಯವನ್ನು ಬಹಳ ಹಿಂದೆ ಮಾಡಿಟ್ಟಿದ್ದಾರೆ: 32 ಬಿಟ್‌ನ ಜಿಫಿ (ಕರ್ನಲ್ ಗಡಿಯಾರದ ಟಿಕ್) ಎಣಿಕೆ ಸೆಕೆಂಡಿಗೆ 1000ದಂತೆ ಏರಿದರೆ 49.7 ದಿನಕ್ಕೆ ತುಂಬಿ ಸೊನ್ನೆಗೆ ಮರಳುತ್ತದೆ, ಅಷ್ಟು ದಿನ ಯಾರೂ ಕಾಯುವುದಿಲ್ಲವಾದ್ದರಿಂದ ಬೂಟ್ ಆಗಿ ಐದೇ ನಿಮಿಷಕ್ಕೆ ತುಂಬುವ ಹಾಗೆ ಅದರ ಆರಂಭದ ಬೆಲೆಯನ್ನು ಇಟ್ಟಿದ್ದಾರೆ. 1997ರಲ್ಲಿ ಮಂಗಳ ಗ್ರಹದಲ್ಲಿ ಇಳಿದ ನಾಸಾ ನೌಕೆ ಪಾತ್‌ಫೈಂಡರ್ ಪದೇ ಪದೇ ಮರುಚಾಲನೆಯಾಗತೊಡಗಿದಾಗಲೂ, ಭೂಮಿಯಲ್ಲಿದ್ದ ಅದರ ಪ್ರತಿಯ ಮೇಲೆ ಅದೇ ಪರಿಸ್ಥಿತಿಯನ್ನು ಹುಟ್ಟಿಸಿಯೇ ಆದ್ಯತೆಯ ತಲೆಕೆಳಗಾಗುವಿಕೆ (ಕಡಿಮೆ ಆದ್ಯತೆಯ ಕೆಲಸ ಹೆಚ್ಚಿನ ಆದ್ಯತೆಯದನ್ನು ತಡೆಹಿಡಿಯುವುದು) ಎಂಬ ಕಾರಣವನ್ನು ಹಿಡಿದರು. ನಿಮಗೆ ಮೂಡಿಗೆರೆ ಅಷ್ಟು ದೂರವೇನಲ್ಲ.

ಬೀಳತೊಡಗಿದ ಮೇಲೆ ಎರಡು ಕೆಲಸ ಮಾಡಿ. ಲಾಕ್‌ಡೆಪ್ ಕರ್ನಲ್ಲನ್ನು ಅದೇ ಪರೀಕ್ಷೆಗೆ ಒಡ್ಡಿ, ಮತ್ತು ಎರಡೂ ಕರ್ನಲ್‌ಗಳ ಡ್ರೈವರನ್ನು ಪಾಹೋಲ್ ಎಂಬ ಸಾಧನಕ್ಕೆ ಕೊಟ್ಟು, ಪಡೆಯುವ ಬಫರ್ ಯಾವ ಸ್ಟ್ರಕ್ಚರಿನೊಳಗೆ ಎಷ್ಟನೇ ಬೈಟಿನಿಂದ ಶುರುವಾಗುತ್ತದೆ ಎಂಬುದನ್ನು ಇಲ್ಲಿ ಹಾಕಿ.

ಮಳೆಲೆಕ್ಕ, ಹಾಸನ (ಐದು ದಿನಗಳ ನಂತರ)

ಬಿತ್ತು. ಮೊದಲ ಸಲ 40 ಸೆಕೆಂಡಿಗೆ. ಅದೇ 108, ಅದೇ ಫಂಕ್ಷನ್. ಇಪ್ಪತ್ತು ಬಾರಿ ಓಡಿಸಿದೆವು. ಅತಿ ಬೇಗ ಬಿದ್ದದ್ದು 11 ಸೆಕೆಂಡಿಗೆ, ಅತಿ ತಡವಾಗಿ ಆರು ನಿಮಿಷಕ್ಕೆ. ಎರಡು ತಿಂಗಳು ಮರ ಹತ್ತಿ ಇಳಿದವರು ಆ ಸಂಜೆ ಪೆಟ್ಟಿಗೆ ಬೀಳುವುದನ್ನು ನೋಡುತ್ತ ಕಾಫಿ ಕುಡಿದೆವು. 5.10 ಹಾಕಿದರೂ ಬೀಳುತ್ತದೆ, ಆದ್ದರಿಂದ ಕರ್ನಲ್ ಬದಲಿಸಿದ್ದು ನಿರಪರಾಧಿ. ಲಾಕ್‌ಡೆಪ್ ಇರುವ ಕರ್ನಲ್ ಮಾತ್ರ ಇಡೀ ರಾತ್ರಿ ಓಡಿದರೂ ಬೀಳಲೇ ಇಲ್ಲ. ಇಂಟರಪ್ಟ್ ಬಗೆಗಿನ ಊಹೆಯೂ ಸರಿ: ಮಣ್ಣಿನ ತೇವದ ಓದಿಕೆಗಳನ್ನು ಸರತಿಗೆ ಸೇರಿಸುವುದು ರೇಡಿಯೊ ಕಳಿಸುವ ಅದೇ ಥ್ರೆಡ್, ಅವೆರಡೂ ಒಂದೇ ಹೊತ್ತಿಗೆ ನಡೆಯುವುದಿಲ್ಲ, ಮಳೆಯ ಬಟ್ಟಲು ಮಾತ್ರ ಇಂಟರಪ್ಟಿನಿಂದ ಬಂದು ನಡುವೆ ನಮೂದು ಸೇರಿಸುತ್ತದೆ.

ಪಾಹೋಲ್ ತೋರಿಸಿದ್ದು ಇಷ್ಟು. ಡ್ರೈವರ್‌ನ ಮುಖ್ಯ ಸ್ಟ್ರಕ್ಚರಿನಲ್ಲಿ ಸರತಿಯ ತಲೆ 72ನೇ ಬೈಟಿನಲ್ಲಿ, ಎಣಿಕೆ 88ರಲ್ಲಿ, ಸ್ಪಿನ್‌ಲಾಕ್ (ಏಕಕಾಲಕ್ಕೆ ಇಬ್ಬರು ಮುಟ್ಟದಂತೆ ಕಾಯುವ ಬೀಗ) 92ರಲ್ಲಿ, ಪಡೆಯುವ ಬಫರ್ 96ರಲ್ಲಿ ಶುರುವಾಗಿ 260 ಬೈಟ್ ಉದ್ದವಿದೆ. ಲಾಕ್‌ಡೆಪ್ ಕರ್ನಲ್‌ನಲ್ಲಿ ಅದೇ ಬಫರ್ 160ಕ್ಕೆ ಸರಿದಿದೆ.

ಉತ್ತರ 3: ಹಳೇಬೀಡಿನ ಹೆಕ್ಸ್

ಹಾಗಾದರೆ ಇಷ್ಟೇ ವಿಷಯ. ಸಿಪಿಯುವಿನ ಪಕ್ಕದ ಚಿಕ್ಕ, ವೇಗದ ಮೆಮೊರಿಯಾದ ಕ್ಯಾಶ್ ಮಾಹಿತಿಯನ್ನು ಲೈನ್ ಎಂಬ ತುಂಡುಗಳಲ್ಲಿ ತರುತ್ತದೆ, ಎ53ರ ಡೇಟಾ ಕ್ಯಾಶ್ ಲೈನ್ 64 ಬೈಟ್. 64ರಿಂದ 127ರವರೆಗಿನ ಒಂದೇ ಲೈನ್‌ನಲ್ಲಿ ನಿಮ್ಮ ಸರತಿಯ ತಲೆ, ಎಣಿಕೆ, ಲಾಕ್ ಮತ್ತು ಬಫರಿನ ಮೊದಲ 32 ಬೈಟ್‌ಗಳು ಒಟ್ಟಿಗೆ ಇವೆ. ಎಸ್‌ಪಿಐನಲ್ಲಿ ಕಳಿಸುವುದೂ ಪಡೆಯುವುದೂ ಏಕಕಾಲದಲ್ಲಿ ನಡೆಯುವುದರಿಂದ, ಉದ್ದ ಫ್ರೇಮ್ ಹೊರಗೆ ಹೋಗುತ್ತಿರುವಾಗಲೇ ಹಿಂದಿನ ಫ್ರೇಮಿನ ಸ್ವೀಕೃತಿ ಒಳಗೆ ಬರುತ್ತದೆ, ಅದನ್ನು ಡಿಎಂಎ ನೇರವಾಗಿ ರ‍್ಯಾಮ್‌ಗೆ ಬರೆಯುತ್ತದೆ. ನಿಮ್ಮ ಬೋರ್ಡ್‌ನಲ್ಲಿ ಈ ಡಿಎಂಎಗೂ ಕ್ಯಾಶ್‌ಗೂ ಪರಸ್ಪರ ಅರಿವಿಲ್ಲ. ಅದೇ ಹೊತ್ತಿನಲ್ಲಿ ಬಟ್ಟಲು ವಾಲಿ ಇಂಟರಪ್ಟ್ ಬಂದು ಲಾಕ್ ಹಿಡಿದು ಎಣಿಕೆ ಏರಿಸಿದರೆ, ಇಡೀ ಲೈನ್ ಕ್ಯಾಶ್‌ಗೆ ಬರುತ್ತದೆ, ಜೊತೆಗೆ ಬಫರಿನ ಹಳೆಯ 32 ಬೈಟ್‌ಗಳೂ ಬರುತ್ತವೆ. ವರ್ಗಾವಣೆ ಮುಗಿದ ಮೇಲೆ ಕರ್ನಲ್ ಆ ಲೈನ್‌ಗಳನ್ನು ಕ್ಯಾಶ್‌ನಿಂದ ಹೊರಹಾಕಬೇಕು. ಬಫರಿನ ಅಂಚು ಲೈನ್‌ನ ಮಧ್ಯದಲ್ಲಿದ್ದರೆ ಪಕ್ಕದವರ ಬರಹ ಕಳೆಯಬಾರದೆಂದು ಆರ್ಮ್64 ಕರ್ನಲ್ ಅದನ್ನು ಮೊದಲು ರ‍್ಯಾಮ್‌ಗೆ ಬರೆದು ಆಮೇಲೆ ಬಿಡುತ್ತದೆ. ಹಾಗೆ ಬರೆಯುವಾಗ, ಡಿಎಂಎ ಆಗಷ್ಟೇ ತಂದಿಟ್ಟ ಹೊಸ ತಲೆಬರಹದ (ಫ್ರೇಮಿನ ಆರಂಭದ, ಸ್ವೀಕೃತಿ ಇರುವ ಭಾಗ) ಮೇಲೆ ಹಳೆಯ ತಲೆಬರಹ ಬಂದು ಕೂರುತ್ತದೆ. ಡ್ರೈವರ್ ಓದುವುದು ಹಿಂದಿನ ಸ್ವೀಕೃತಿಯನ್ನೇ.

ಲಾಕ್‌ಡೆಪ್ ಇದ್ದಾಗ ಸ್ಪಿನ್‌ಲಾಕ್ ನಾಲ್ಕು ಬೈಟಿನಿಂದ ಅರವತ್ತಕ್ಕೂ ಮೀರಿ ಬೆಳೆಯುತ್ತದೆ. ಅದರಲ್ಲಿ ಪದೇ ಪದೇ ಬರೆಯಲ್ಪಡುವ ಭಾಗ ಮೊದಲಲ್ಲಿದೆ, ಒಮ್ಮೆ ಬರೆದು ಬಿಡುವ ಭಾಗ ಕೊನೆಯಲ್ಲಿದೆ. ನಿಮ್ಮ ಬಫರ್ 160ಕ್ಕೆ ಸರಿದಾಗ ಅದರ ನೆರೆಗೆ ಉಳಿದದ್ದು ಆ ಕೊನೆಯ ಭಾಗ ಮಾತ್ರ. ಕೊಳೆಯಾಗದ, ಅಂದರೆ ಹೊಸದಾಗಿ ಏನೂ ಬರೆಯದ, ಲೈನನ್ನು ಕ್ಯಾಶ್ ಮರಳಿ ಬರೆಯುವುದಿಲ್ಲ. ಲಾಕ್ ಹುಡುಕಲು ತಂದ ಸಾಧನ ಬಗ್ ಅನ್ನೇ ಪಕ್ಕಕ್ಕೆ ತಳ್ಳಿತ್ತು. ಮಾಡ್ಯೂಲ್ ಮಾರಿದವರು ಈ ಡ್ರೈವರನ್ನು ಎಕ್ಸ್86 ಯಂತ್ರದ ಮೇಲೆ ಪರೀಕ್ಷಿಸಿದ್ದರೆ ಅಲ್ಲಿ ಎಂದೂ ಕಾಣುತ್ತಿರಲಿಲ್ಲ, ಏಕೆಂದರೆ ಅಲ್ಲಿ ಡಿಎಂಎ ಬರೆದದ್ದು ಕ್ಯಾಶ್‌ಗೆ ತಾನಾಗಿಯೇ ಗೊತ್ತಾಗುತ್ತದೆ.

ಮಳೆಲೆಕ್ಕ, ಹಾಸನ

ಓದಿ ಮುಗಿಸಿ ಮೂವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇದು ಇನ್ನೊಂದು ಹಳೆಯ ಒಗಟನ್ನೂ ಬಿಡಿಸಿತು. ಜೋರು ಮಳೆಯ ದಿನಗಳಲ್ಲಿ ನಮ್ಮ ಲೆಕ್ಕ ರೈಟರ ಪುಸ್ತಕಕ್ಕಿಂತ ಎರಡು-ಮೂರು ಸೆಂಟ್ ಕಡಿಮೆ ಬರುತ್ತಿತ್ತು, ರೇಡಿಯೊದಲ್ಲಿ ಕಳೆದುಹೋಯಿತೆಂದು ನಾವು ಸುಮ್ಮನಿದ್ದೆವು. ಹಳೆಯ ಸ್ವೀಕೃತಿ ಸೂಚಿಸಿದ ಜಾಗದಲ್ಲಿ ಅಷ್ಟರೊಳಗೆ ಹೊಸ ಓದಿಕೆ ಬಂದು ಕೂತಿದ್ದರೆ ಕರ್ನಲ್ ಬೀಳುವುದಿಲ್ಲ. ಇನ್ನೂ ಕಳಿಸದ ಆ ಓದಿಕೆಯನ್ನೇ ಡ್ರೈವರ್ ಸದ್ದಿಲ್ಲದೆ ತೆಗೆದುಹಾಕುತ್ತದೆ. ಪುಸ್ತಕ ತಪ್ಪಿರಬಹುದೆಂದು ಒಮ್ಮೆ ರೈಟರ ಮುಂದೆಯೇ ಹೇಳಿದ್ದೆ, ಹೋದಾಗ ಕ್ಷಮೆ ಕೇಳಬೇಕು.

ಬಫರಿನ ಆರಂಭವನ್ನು ಡಿಎಂಎಗೆ ಬೇಕಾದ ಕನಿಷ್ಠ ಗಡಿಗೆ, ಆರ್ಮ್64ರಲ್ಲಿ 128 ಬೈಟ್, ಹೊಂದಿಸಿ ಒಂದು ಸಾಲಿನ ತಿದ್ದುಪಡಿ ಮಾಡಿದೆವು. ಆರು ನಿಮಿಷದೊಳಗೆ ಬೀಳುತ್ತಿದ್ದ ಅದೇ ಪರೀಕ್ಷೆ ಈಗ ನಾಲ್ಕು ದಿನಗಳಿಂದ ಓಡುತ್ತಿದೆ. ನಾಳೆ ಹದಿನಾಲ್ಕಕ್ಕೂ ಹಾಕುತ್ತೇವೆ.

ಉತ್ತರ 1: ಕಡೂರು ಕನ್ಸೋಲ್

ನಾಳೆ ಹಾಕಬೇಡಿ. ಬಫರ್ 260 ಬೈಟ್ ಉದ್ದವಿದೆ ಎಂದಿದ್ದೀರಿ. 128ರಿಂದ ಶುರುವಾದರೆ ಅದು 388ರಲ್ಲಿ ಮುಗಿಯುತ್ತದೆ, ಅಂದರೆ 384ರಿಂದ ಶುರುವಾಗುವ ಲೈನ್‌ನ ಮೊದಲ ನಾಲ್ಕು ಬೈಟ್ ನಿಮ್ಮದು, ಉಳಿದದ್ದು ಬಫರಿನ ನಂತರ ಏನಿದೆಯೋ ಅದರದು. ತಲೆಯನ್ನು ಸರಿಮಾಡಿ ಬಾಲವನ್ನು ಹಾಗೆಯೇ ಬಿಟ್ಟಿದ್ದೀರಿ. ನಿಮ್ಮ ಪರೀಕ್ಷೆಯ ಫ್ರೇಮ್‌ಗಳು 200 ಬೈಟಿನವಾದ್ದರಿಂದ ಅದು ಅಲ್ಲಿಯವರೆಗೆ ತಲುಪುವುದೇ ಇಲ್ಲ.

ಮಳೆಲೆಕ್ಕ, ಹಾಸನ

ನಿಜ. ಬಫರಿನ ಬೆನ್ನಿಗೇ ಅಂಕಿ-ಅಂಶಗಳ ಕೌಂಟರ್‌ಗಳಿವೆ, ಬಟ್ಟಲು ವಾಲಿದಾಗಲೆಲ್ಲ ಅವೂ ಏರುತ್ತವೆ. ಗೇಟ್‌ವೇಯಿಂದ ಸೆಟ್ಟಿಂಗ್ ಫೈಲನ್ನು ಪೂರ್ತಿ ಉದ್ದದ ಫ್ರೇಮ್‌ಗಳಲ್ಲಿ ಕಳಿಸುತ್ತ, ಪಲ್ಸ್ ಕೊಡುತ್ತ ನಿನ್ನೆ ರಾತ್ರಿ ಓಡಿಸಿದೆವು. ಕರ್ನಲ್ ಬೀಳಲಿಲ್ಲ; ಫ್ರೇಮಿನ ಕೊನೆಯ ನಾಲ್ಕು ಬೈಟ್‌ಗಳಲ್ಲಿರುವ ಚೆಕ್‌ಸಮ್ ಬೆಳಗಾಗುವಷ್ಟರಲ್ಲಿ 61 ಸಲ ತಪ್ಪಿ, ಅಷ್ಟೂ ಫ್ರೇಮ್‌ಗಳು ಮತ್ತೆ ಕೇಳಿ ತರಿಸಲ್ಪಟ್ಟಿದ್ದವು. ಈಗ ಬಫರನ್ನು ಸ್ಟ್ರಕ್ಚರಿನಿಂದಲೇ ಹೊರತೆಗೆದು ಕೆಮ್ಯಾಲಕ್‌ನಿಂದ (ಕರ್ನಲ್‌ನಲ್ಲಿ ಮೆಮೊರಿ ಹಂಚುವ ಫಂಕ್ಷನ್) ಪ್ರತ್ಯೇಕವಾಗಿ ಪಡೆಯುತ್ತಿದ್ದೇವೆ. ಎರಡೂ ಪರೀಕ್ಷೆಗಳನ್ನು ಒಟ್ಟಿಗೆ ಹಚ್ಚಿದ್ದೇವೆ, ಮೂರು ದಿನ ಓಡಿದ ಮೇಲೆ ಆಲ್ದೂರಿನ ಎರಡು ಪೆಟ್ಟಿಗೆಗಳಿಗೆ ಮೊದಲು ಹಾಕುತ್ತೇವೆ. ಪ್ಯಾಚನ್ನು ಮಾಡ್ಯೂಲ್ ಮಾರಿದವರಿಗೂ ಕಳಿಸಿದ್ದೇನೆ.